ಕಸುಬಿನ ಶಿಕ್ಷಣವೂ ಕಾರ್ಖಾನೆಯ ಬಾಗಿಲೂ

ತಾಳವಾಡಿಯ ಕಡೆಯ ವಾಚಕರೊಬ್ಬರು ನಮಗೊಂದು ಪತ್ರ ಬರೆದಿದ್ದಾರೆ. ಅವರ ಮಗ ಹತ್ತನೆಯ ತರಗತಿಯಲ್ಲಿ ಸಾಧಾರಣ ಅಂಕಗಳಿಂದ ತೇರ್ಗಡೆಯಾಗಿದ್ದಾನೆ. ಮುಂದಕ್ಕೆ ಓದಿಸುವ ಶಕ್ತಿ ಮನೆಯಲ್ಲಿ ಕಡಿಮೆ. ಐ.ಟಿ.ಐ.ಗೆ ಸೇರಿಸಿ ಎರಡು ವರ್ಷ ಕಳೆದರೆ ಹೊಸೂರಿನ ಕಾರ್ಖಾನೆಗಳಲ್ಲಿ ಕೆಲಸ ಖಂಡಿತವೆಂದು ಊರಿನವರು ಹೇಳುತ್ತಾರಂತೆ. “ತಾವು ಆ ಸೀಮೆಯವರು, ಮೇಲಾಗಿ ಉಪಾಧ್ಯಾಯರು. ಇದು ನಿಜವೋ ಅಲ್ಲವೋ ತಿಳಿಸಬೇಕು” ಎಂದು ಕೇಳಿದ್ದಾರೆ.

ಹತ್ತು ವರ್ಷಗಳ ಹಿಂದೆ ಈ ಪತ್ರ ಬಂದಿದ್ದರೆ ನಾವು ಒಂದೇ ಸಾಲಿನಲ್ಲಿ “ನಿಜ, ಸೇರಿಸಿ” ಎಂದು ಬರೆದುಬಿಡುತ್ತಿದ್ದೆವು. ಈಗ ಹಾಗೆ ಬರೆಯಲು ಕೈ ಹಿಂಜರಿಯುತ್ತದೆ. ಅದಕ್ಕೆ ಕಾರಣವಿದೆ. ಅದನ್ನು ಹೇಳಬೇಕಾದರೆ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗುತ್ತದೆ.

ನಾವು ಪಾಠ ಹೇಳುವ ಹಳ್ಳಿ ಹೊಸೂರಿನಿಂದ ತಳಿಯ ಕಡೆಗೆ ಹೋಗುವ ಹಾದಿಯಲ್ಲಿದೆ. ರಾಗಿ, ಅವರೆ, ಟೊಮೇಟೊ ಬೆಳೆಯುವ ನೆಲ. ಈಚಿನ ವರ್ಷಗಳಲ್ಲಿ ಗುಲಾಬಿಯೂ ಬಂದಿದೆ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ನಮ್ಮ ಹಿರಿಯರು ಮದರಾಸು ರಾಜ್ಯದಲ್ಲೇ ಉಳಿದರು. ಮನೆಯ ಮಾತು ಕನ್ನಡ, ಕಚೇರಿಯ ಮಾತು ತಮಿಳು, ಸಂತೆಯ ಮಾತು ಇವೆರಡರ ಜೊತೆಗೆ ತೆಲುಗೂ ಸೇರಿದ್ದು. ಇಂಥ ಊರುಗಳ ನಡುವೆ, 1971ರಲ್ಲಿ ಸ್ಥಾಪನೆಯಾದ ಸಿಪ್ಕಾಟ್ ಎಂಬ ತಮಿಳುನಾಡು ಸರ್ಕಾರದ ಸಂಸ್ಥೆ ಹೊಸೂರಿನಲ್ಲಿ ಕೈಗಾರಿಕಾ ನಿವೇಶನಗಳನ್ನು ತೆರೆಯಿತು. ಬೆಂಗಳೂರು ನಲವತ್ತು ಕಿಲೋಮೀಟರು ದೂರ. ಹೆದ್ದಾರಿ ಮನೆಯ ಮುಂದೆಯೇ. 1980ರಲ್ಲಿ ಅಶೋಕ್ ಲೇಲ್ಯಾಂಡ್ ಕಾರ್ಖಾನೆ ಬಂದಿತು. ಅದೇ ವರ್ಷ ಟಿ.ವಿ.ಎಸ್. 50 ಎಂಬ ಪುಟ್ಟ ಮೊಪೆಡ್ ಇಲ್ಲಿಂದಲೇ ಹೊರಟಿತು. ಆಗ ನಾವು ಚಡ್ಡಿ ತೊಟ್ಟ ಹುಡುಗರು. ಮೈಮೇಲೆ ಹಲಗೆಯೂ ಗಾಜೂ ಇಲ್ಲದ ಲಾರಿಯ ಚಾಸಿಗಳನ್ನು, ಮುಖಕ್ಕೆ ಬಟ್ಟೆ ಸುತ್ತಿಕೊಂಡ ಚಾಲಕರು ಸಾಲಾಗಿ ಓಡಿಸಿಕೊಂಡು ಹೋಗುವುದನ್ನು ನೋಡಲು ರಸ್ತೆಯ ಬದಿಯಲ್ಲಿ ಕಾದು ನಿಲ್ಲುತ್ತಿದ್ದೆವು.

ಆ ದಶಕದ ಕೊನೆಯ ವರ್ಷಗಳಲ್ಲಿ ಟೈಟನ್ ಗಡಿಯಾರದ ಕಾರ್ಖಾನೆ ನಡೆಯತೊಡಗಿತು. ಆ ಸಂಸ್ಥೆ ಮಾಡಿದ ಒಂದು ಕೆಲಸವನ್ನು ಇಲ್ಲಿ ನೆನೆಯಬೇಕು. ಗಡಿಯಾರದ ಕಸುಬು ಕಲಿತವರು ಈ ಸೀಮೆಯಲ್ಲಿ ಎಲ್ಲಿದ್ದರು? ಯಾರೂ ಇರಲಿಲ್ಲ. ಕಲಿತವರು ಸಿಕ್ಕಲಿಲ್ಲವೆಂದು ಅದು ಕೈಕಟ್ಟಿ ಕೂರಲಿಲ್ಲ; ಸುತ್ತಲಿನ ಜಿಲ್ಲೆಗಳಲ್ಲಿ ಶಾಲೆ ಮುಗಿಸಿದ ಹುಡುಗ ಹುಡುಗಿಯರನ್ನು ಆರಿಸಿ, ತಾನೇ ಕಲಿಸಿತು. ಬದುವಿನ ಮೇಲೆ ಹುಲ್ಲು ಕೊಯ್ದ ಕೈಗಳು ಕಣ್ಣಿಗೆ ಕಾಣದಷ್ಟು ಸಣ್ಣ ತಿರುಪುಗಳನ್ನು ಕೂಡಿಸಿದವು. ಹಳ್ಳಿಯ ಮಕ್ಕಳಿಗೆ ಯಂತ್ರದ ಕೆಲಸ ಒಗ್ಗದು ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಾಗಿಲ್ಲ.

ಇನ್ನು ನಮ್ಮ ತಪ್ಪಿನ ಕಥೆ.

2016ರಲ್ಲಿ ನಮ್ಮ ಶಾಲೆಯಲ್ಲಿ ಕಲಿತಿದ್ದ ಒಬ್ಬ ಹುಡುಗ ಹತ್ತನೆಯ ತರಗತಿ ಮುಗಿಸಿದ. ಓದಿನಲ್ಲಿ ಮುಂದಲ್ಲ, ಕೈಕೆಲಸದಲ್ಲಿ ಚುರುಕು. ಶಾಲೆಯ ಬೋರ್‌ವೆಲ್ಲಿನ ಮೋಟಾರು ಕೆಟ್ಟಾಗ ರಿಪೇರಿಗೆ ಬಂದವನ ಪಕ್ಕದಲ್ಲಿ ಕುಳಿತು ಒಂದೊಂದೇ ಬೋಲ್ಟು ಎಣಿಸಿ ಇಡುತ್ತಿದ್ದವನು. ಅವನ ತಂದೆ ನಮ್ಮನ್ನು ಕೇಳಿದಾಗ ಫಿಟ್ಟರ್ ಕಸುಬಿಗೆ ಸೇರಿಸಲು ಹೇಳಿದೆವು. ಸರ್ಕಾರಿ ಐ.ಟಿ.ಐ.ಯಲ್ಲಿ ಸೀಟು ದೊರೆಯಲಿಲ್ಲ. ಹತ್ತಿರದ ಒಂದು ಖಾಸಗಿ ಸಂಸ್ಥೆಯಲ್ಲಿ ಸೇರಿಸಿದರು. ಶುಲ್ಕಕ್ಕಾಗಿ ಸೀಮೆಹಸುವೊಂದನ್ನು ಮಾರಿದರೆಂದು ನಮಗೆ ಆಮೇಲೆ ತಿಳಿಯಿತು. ಆ ಸಂಸ್ಥೆಯ ಒಳಹೊಕ್ಕು ನಾವು ನೋಡಿರಲಿಲ್ಲ. ಬೋರ್ಡು ನೋಡಿದ್ದೆವು, ಅಷ್ಟೇ.

ಎರಡು ವರ್ಷಗಳ ಮೇಲೆ ಹುಡುಗ ಒಳ್ಳೆಯ ಅಂಕಗಳಿಂದ ಪಾಸಾದ. ಒಂದು ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಯ್ಕೆಯೆಂದು ಕೇಳಿ ಹೋದ. ಅಲ್ಲಿಯ ಮೇಲ್ವಿಚಾರಕರು ಮೇಜಿನ ಮೇಲೆ ಒಂದು ಉಕ್ಕಿನ ದಂಡವನ್ನೂ ಒಂದು ನಕ್ಷೆಯನ್ನೂ ಇಟ್ಟು, “ಅಳೆದು ನೋಡಪ್ಪ, ಈ ದಂಡ ಸರಿಯಾಗಿದೆಯೋ ಇಲ್ಲವೋ ಹೇಳು” ಎಂದರು. ನಕ್ಷೆಯಲ್ಲಿ 25 ಎಂಬ ಅಂಕೆಯೂ ಅದರ ಪಕ್ಕದಲ್ಲಿ ಎಚ್ 7 ಎಂಬ ಗುರುತೂ ಇದ್ದವು. ಹುಡುಗ ವರ್ನಿಯರಿನಿಂದ ಅಳೆದ. 24.96 ಮಿಲಿಮೀಟರು ಬಂದಿತು. “25ಕ್ಕೆ ಹತ್ತಿರವಿದೆ ಸಾರ್, ಸರಿಯಾಗಿದೆ” ಎಂದ. ಮೇಲ್ವಿಚಾರಕರು ಮೈಕ್ರೊಮೀಟರು ಕೊಟ್ಟು ಮತ್ತೊಮ್ಮೆ ಅಳೆಯಹೇಳಿದರು. ಹುಡುಗ ಅದನ್ನು ಮೊಳೆ ತಿರುಗಿಸುವಂತೆ ಬಿಗಿಯಾಗಿ ತಿರುಗಿಸಿಬಿಟ್ಟ. ಅದರ ತುದಿಯಲ್ಲಿ ರ‍್ಯಾಚೆಟ್ ಎಂಬ ಸಣ್ಣ ಹಿಡಿಯಿರುತ್ತದೆ. ಅದನ್ನು ಹಿಡಿದು ಟಿಕ್ ಟಿಕ್ ಎನ್ನುವ ತನಕ ಮಾತ್ರ ತಿರುಗಿಸಬೇಕು. ಅವನಿಗೆ ಅದು ಗೊತ್ತಿರಲಿಲ್ಲ.

ಸಣ್ಣ ಅಕ್ಷರದ ಎಚ್ 7 ಎಂದರೆ, 25 ಮಿಲಿಮೀಟರಿನ ದಂಡ 25ಕ್ಕಿಂತ ಒಂದಿಷ್ಟೂ ಹೆಚ್ಚಿರಕೂಡದು, ಕಡಿಮೆಯಾದರೆ 24.979ಕ್ಕಿಂತ ಕೆಳಗಿಳಿಯಕೂಡದು ಎಂದು ಅರ್ಥ. ಇಡೀ ಸಲಿಗೆ ಒಂದು ಮಿಲಿಮೀಟರಿನ ಸಾವಿರದಲ್ಲಿ 21 ಭಾಗ. ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ. ಆ ಲೆಕ್ಕದಲ್ಲಿ ಹುಡುಗ ಸರಿಯೆಂದ ದಂಡ ಗುಜರಿಗೆ ಹೋಗತಕ್ಕದ್ದು. ಅವನನ್ನು ಅವರು ಬೈಯಲಿಲ್ಲ. “ಮುಂದಿನ ವರ್ಷ ಬಾ” ಎಂದು ಕಳುಹಿಸಿದರು. ಆರು ತಿಂಗಳು ಅಲೆದು, ಕೊನೆಗೆ ಗುತ್ತಿಗೆದಾರನೊಬ್ಬನ ಕೈಕೆಳಗೆ ಪೆಟ್ಟಿಗೆ ಹೊರುವ ಕೆಲಸಕ್ಕೆ ಸೇರಿಕೊಂಡ.

ಒಂದು ಸಂಜೆ ಅವನ ತಂದೆ ಶಾಲೆಗೆ ಬಂದರು. ಕೋಪಿಸಿಕೊಳ್ಳಲಿಲ್ಲ. “ಮೇಷ್ಟ್ರೇ, ಫಿಟ್ಟರ್ ಪಾಸಾದೋನೂ ಪೆಟ್ಟಿಗೆ ಹೊರ್ತಾನೆ, ಎಂಟನೇ ಕ್ಲಾಸು ಬಿಟ್ಟೋನೂ ಹೊರ್ತಾನೆ. ಇಬ್ರಿಗೂ ಒಂದೇ ಕೂಲಿ. ಹಂಗಾದ್ರೆ ಹಸ ಯಾಕ್ ಮಾರ್‍ದೆ ನಾನು?” ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಚಹಾ ತರಿಸಿದೆವು, ಅವರು ಕುಡಿಯದೆ ಎದ್ದು ಹೋದರು.

ಮಾರನೆಯ ವಾರ ನಾವು ಆ ಸಂಸ್ಥೆಗೆ ಹೋದೆವು; ಎರಡು ವರ್ಷ ಮೊದಲೇ ಹೋಗಬೇಕಾಗಿತ್ತು. ಬೋಧಕರು ಸಜ್ಜನರು, ವಯಸ್ಸು ಚಿಕ್ಕದು, ಸಂಬಳ ಇನ್ನೂ ಚಿಕ್ಕದು. ಇಪ್ಪತ್ತು ಮಂದಿ ಹುಡುಗರಿಗೆ ಕೆಲಸಕ್ಕೆ ಬರುವ ಲೇತ್ ಒಂದು. ಇನ್ನೊಂದು ಕೆಟ್ಟು ಮೂಲೆ ಸೇರಿತ್ತು. ಮೈಕ್ರೊಮೀಟರುಗಳು ಎಲ್ಲಿ ಎಂದು ಕೇಳಿದೆವು. ಗಾಜಿನ ಬೀರುವಿನಲ್ಲಿ, ಎಣ್ಣೆ ಕಾಗದದಲ್ಲಿ ಸುತ್ತಿ, ಬೀಗ ಹಾಕಿ ಇಟ್ಟಿದ್ದರು. “ಹೊರಗೆ ಕೊಟ್ಟರೆ ಒಂದು ಬೀಳುತ್ತದೆ, ಒಂದು ಕಾಣೆಯಾಗುತ್ತದೆ. ತಪಾಸಣೆಗೆ ಬಂದವರಿಗೆ ಲೆಕ್ಕ ತೋರಿಸಬೇಕಲ್ಲ. ಕಡಿಮೆಯಾದರೆ ನನ್ನ ಸಂಬಳದಲ್ಲಿ ಹಿಡಿಯುತ್ತಾರೆ” ಎಂದರು. ಹುಡುಗರು ಲೀಸ್ಟ್ ಕೌಂಟ್ ಎಂದರೇನು ಎಂಬುದನ್ನು ನೋಟ್ ಪುಸ್ತಕದಲ್ಲಿ ಬರೆದು ಬಾಯಿಪಾಠ ಮಾಡಿದ್ದರು. ಪರೀಕ್ಷೆಯಲ್ಲಿ ಅದಕ್ಕೆ ಅಂಕವೂ ಬಂದಿತ್ತು.

ಅವರನ್ನು ದೂರಲು ಬಾಯಿ ಬರಲಿಲ್ಲ. ನಮ್ಮ ಶಾಲೆಯ ವಿಜ್ಞಾನದ ಪೆಟ್ಟಿಗೆಯೂ ಹಾಗೆಯೇ ಬೀಗ ಹಾಕಿಕೊಂಡು ಕುಳಿತಿತ್ತು. ಅದರ ಬೀಗದ ಕೈ ನಮ್ಮ ಜೇಬಿನಲ್ಲೇ ಇತ್ತು.

ಇನ್ನೊಂದು ಪಕ್ಷವನ್ನೂ ಕೇಳೋಣವೆಂದು, ಪರಿಚಯದವರ ಮೂಲಕ ಹೊಸೂರಿನ ಒಂದು ಸಣ್ಣ ಕಾರ್ಖಾನೆಯ ಮಾಲೀಕರನ್ನು ಕಂಡೆವು. ದೊಡ್ಡ ವಾಹನ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವವರು. ನಲವತ್ತು ಮಂದಿ ಕೆಲಸಗಾರರು, ಗಣಕದಿಂದ ನಡೆಯುವ ಸಿ.ಎನ್.ಸಿ. ಯಂತ್ರಗಳು. “ತಮಗೆ ಎಂಥ ಹುಡುಗ ಬೇಕು?” ಎಂದು ಕೇಳಿದೆವು. ಸಿ.ಎನ್.ಸಿ. ಬಲ್ಲವನೆಂದು ಹೇಳಬಹುದೆಂದು ನಾವು ಎಣಿಸಿದ್ದೆವು. ಅವರು ಹೇಳಿದ್ದು ಬೇರೆ. ನಕ್ಷೆ ಓದಬಲ್ಲ, ಅಳೆಯಬಲ್ಲ, ಹೊತ್ತಿಗೆ ಬರುವ, ತಪ್ಪಾದಾಗ ಬಂದು ಹೇಳುವ ಹುಡುಗ. “ಈ ನಾಲ್ಕು ಇದ್ದರೆ ಯಂತ್ರ ನಾನು ಆರು ತಿಂಗಳಲ್ಲಿ ಕಲಿಸುತ್ತೇನೆ. ಒಂದು ತುಂಡು ಕೆಟ್ಟದ್ದನ್ನು ಬಚ್ಚಿಟ್ಟವನಿಂದ ಇನ್ನೂರು ತುಂಡು ವಾಪಸು ಬಂದದ್ದುಂಟು” ಎಂದರು. ನಾಲ್ಕನೆಯ ಗುಣವನ್ನು ಕೇಳಿ ನಾವು ಸ್ವಲ್ಪ ಹೊತ್ತು ಸುಮ್ಮನಾದೆವು. ತಪ್ಪು ಮಾಡಿದ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸಿ, ತಪ್ಪನ್ನು ಬಚ್ಚಿಡುವ ವಿದ್ಯೆಯನ್ನು ಕಲಿಸಿದವರು ನಾವೇ ಅಲ್ಲವೆ?

ಆದರೆ ಮಾಲೀಕರನ್ನೂ ನಾವು ಸುಲಭವಾಗಿ ಬಿಡಲಿಲ್ಲ. ಹಾಗೆ ಆರು ತಿಂಗಳು ಕಲಿಸಿದ್ದೀರಾ ಎಂದು ಕೇಳಿದೆವು. ಹಿಂದೆ ಕಲಿಸುತ್ತಿದ್ದರಂತೆ, ಈಗ ಬಿಟ್ಟಿದ್ದಾರೆ. ಕಲಿತವನು ಮೂರನೆಯ ಬೀದಿಯ ಕಾರ್ಖಾನೆಗೆ ಐನೂರು ರೂಪಾಯಿ ಹೆಚ್ಚಿಗೆ ಹೊರಟುಹೋಗುತ್ತಾನೆ; ಕಲಿಸಿದ ಖರ್ಚು ಇವರದು, ಲಾಭ ಅವರದು. ಆದ್ದರಿಂದ ಎಲ್ಲರೂ ಮತ್ತೊಬ್ಬರು ಕಲಿಸಲೆಂದು ಕಾಯುತ್ತಾರೆ. ಕಾಯುತ್ತ ಕುಳಿತವರೆಲ್ಲ ಒಟ್ಟುಗೂಡಿ, ನುರಿತ ಕೆಲಸಗಾರರು ಸಿಗುವುದಿಲ್ಲವೆಂದು ಸಭೆಗಳಲ್ಲಿ ಹೇಳುತ್ತಾರೆ. ಕಸುಬು ಕಲಿತವನಿಗೂ ಕಲಿಯದವನಿಗೂ ಒಂದೇ ಕೂಲಿಯೆಂದಾದರೆ ಯಾವ ತಂದೆ ಹಸು ಮಾರಿ ಕಲಿಸಿಯಾನು ಎಂದು ಕೇಳಿದ್ದಕ್ಕೆ, ಅವರು ನಕ್ಕು ಕಾಫಿಗೆ ಹೇಳಿ ಕಳುಹಿಸಿದರು.

ಈ ಗಂಟನ್ನು ಬಿಡಿಸಲು ಪ್ರಯತ್ನಗಳು ನಡೆದಿಲ್ಲವೆಂದಲ್ಲ. 1950ರಲ್ಲಿ ಭಾರತ ಸರ್ಕಾರ ಕುಶಲಕರ್ಮಿ ತರಬೇತಿ ಯೋಜನೆಯನ್ನು ಆರಂಭಿಸಿತು, ಇಂದಿನ ಐ.ಟಿ.ಐ.ಗಳು ಅದರ ಫಲ. ಸಂಸ್ಥೆಯಲ್ಲಿ ಕಲಿತದ್ದು ಸಾಲದು, ಕಾರ್ಖಾನೆಯಲ್ಲೂ ಕಲಿಯಬೇಕೆಂದು 1961ರಲ್ಲಿ ಅಪ್ರೆಂಟಿಸ್ ಕಾಯಿದೆ ಬಂದಿತು. 1964ರಿಂದ 1966ರ ತನಕ ಕೆಲಸ ಮಾಡಿದ ಕೊಠಾರಿ ಆಯೋಗ ಪ್ರೌಢ ಶಿಕ್ಷಣದಲ್ಲಿ ಕಸುಬಿಗೆ ಸ್ಥಾನ ಕೊಡಬೇಕೆಂದು ಹೇಳಿತು. ತಮಿಳುನಾಡಿನಲ್ಲಿ 1978ರಲ್ಲಿ ಹನ್ನೊಂದು ಹನ್ನೆರಡನೆಯ ತರಗತಿಗಳನ್ನು ಶಾಲೆಗೆ ಸೇರಿಸಿದಾಗ ವೃತ್ತಿ ಶಿಕ್ಷಣದ ಶಾಖೆಯನ್ನೂ ತೆರೆದರು. ಪುಸ್ತಕಗಳು ಬಂದವು. ಯಂತ್ರಗಳು ಎಲ್ಲ ಕಡೆಗೂ ಬರಲಿಲ್ಲ.

ಅಪ್ರೆಂಟಿಸ್ ಕಾಯಿದೆಯನ್ನು 2014ರಲ್ಲಿ ತಿದ್ದಿ, ಮಾಲೀಕರಿಗೆ ಸೆರೆವಾಸದ ಭಯವನ್ನು ತೆಗೆದುಹಾಕಿದರು. 2016ರ ಯೋಜನೆಯೊಂದು, ಅಪ್ರೆಂಟಿಸರಿಗೆ ಕೊಡುವ ಭತ್ಯೆಯ ನಾಲ್ಕನೆಯ ಒಂದು ಭಾಗವನ್ನು, ತಿಂಗಳಿಗೆ 1,500 ರೂಪಾಯಿಗಳ ಮಿತಿಯೊಳಗೆ, ಕೇಂದ್ರ ಸರ್ಕಾರವೇ ಭರಿಸುವಂತೆ ಮಾಡಿತು. 2019ರ ನಿಯಮಗಳ ಪ್ರಕಾರ ಮೂವತ್ತು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆ, ಒಟ್ಟು ಬಲದ ನೂರಕ್ಕೆ ಎರಡೂವರೆಯಿಂದ ಹದಿನೈದರಷ್ಟು ಅಪ್ರೆಂಟಿಸರನ್ನು ತೆಗೆದುಕೊಳ್ಳಬೇಕು. ಲೆಕ್ಕ ಹಾಕಿದರೆ ನಮ್ಮ ಸಣ್ಣ ಮಾಲೀಕರೂ ಒಬ್ಬನನ್ನು ತೆಗೆದುಕೊಳ್ಳತಕ್ಕದ್ದೇ. ಈ ಮಾತನ್ನು ವಾಚಕರು ಗಮನದಲ್ಲಿಡಬೇಕು. ಆದರೆ ಅಪ್ರೆಂಟಿಸ್ ಎಂಬ ಹೆಸರಿನಲ್ಲಿ ಅಗ್ಗದ ಕೂಲಿಯಾಳನ್ನು ಇಟ್ಟುಕೊಂಡು, ವರ್ಷ ಮುಗಿದೊಡನೆ ಕಳುಹಿಸಿ ಇನ್ನೊಬ್ಬನನ್ನು ತರುವ ಕಡೆಗಳೂ ಇವೆ. ಒಂದು ವರ್ಷ ಒಂದೇ ಗುಂಡಿ ಒತ್ತಿದವನು ಕಲಿತದ್ದು ಒಂದು ಗುಂಡಿಯನ್ನು.

ಜರ್ಮನಿಯಲ್ಲಿ ಈ ಪ್ರಶ್ನೆಗೆ ಬೇರೊಂದು ಉತ್ತರ ಕಂಡುಕೊಂಡಿದ್ದಾರೆ. ಅಲ್ಲಿ 1969ರಿಂದ ಇದಕ್ಕೆಂದೇ ಒಂದು ಕಾಯಿದೆಯಿದೆ. ಹುಡುಗ ಮೊದಲು ಒಂದು ಕಾರ್ಖಾನೆಯೊಡನೆ ಒಪ್ಪಂದ ಮಾಡಿಕೊಳ್ಳುತ್ತಾನೆ. ವಾರದಲ್ಲಿ ಮೂರು ನಾಲ್ಕು ದಿನ ಅಲ್ಲಿ, ಉಳಿದ ಒಂದೆರಡು ದಿನ ವೃತ್ತಿಶಾಲೆಯಲ್ಲಿ. ಏನು ಕಲಿಸಬೇಕೆಂಬುದನ್ನು ಮಾಲೀಕರು, ಕಾರ್ಮಿಕ ಸಂಘಗಳು, ಸರ್ಕಾರ ಮೂವರೂ ಕುಳಿತು ಗೊತ್ತುಮಾಡುತ್ತಾರೆ. ಪರೀಕ್ಷೆಯನ್ನು ವಾಣಿಜ್ಯ ಕೈಗಾರಿಕಾ ಮಂಡಲಿ ನಡೆಸುತ್ತದೆ. ಹಲವು ಕಾರ್ಖಾನೆಗಳು ಕಲಿಸುವುದರಿಂದ, ಇಲ್ಲಿ ಕಲಿತವನು ಅಲ್ಲಿಗೆ ಹೋದರೆ ಅಲ್ಲಿ ಕಲಿತವನು ಇಲ್ಲಿಗೆ ಬರುತ್ತಾನೆ. ಅಲ್ಲಿಯ ಪದ್ಧತಿಯನ್ನು ಹಾಗೆಯೇ ಕಿತ್ತು ತಂದು ನೆಟ್ಟರೆ ನಮ್ಮಲ್ಲಿ ಚಿಗುರುವುದು ಕಷ್ಟ. ನಮ್ಮ ಐ.ಟಿ.ಐ.ಗಳಲ್ಲಿ 2016ರಲ್ಲಿ ಈ ಬಗೆಯ ದ್ವಿಮುಖ ತರಬೇತಿಯನ್ನು ಆರಂಭಿಸಿದ್ದಾರೆ. ಹತ್ತಿರದಲ್ಲಿ ಕಲಿಸಲು ಒಪ್ಪುವ ಕಾರ್ಖಾನೆಯಿದ್ದ ಕಡೆಗೆ ಮಾತ್ರ ಅದು ನಡೆದೀತು.

ಅಷ್ಟು ದೂರ ಹೋಗಬೇಕಾದ್ದೂ ಇಲ್ಲ. ಕಾಸರಗೋಡಿನ ನಮ್ಮ ವಾಚಕರಿಗೆ ತಲಶ್ಶೇರಿ ದೂರವಲ್ಲ. ಅದರ ಬಳಿಯ ನೆಟ್ಟೂರಿನಲ್ಲಿ 1959ರಲ್ಲಿ ಸ್ವಿಸ್ ನೆರವಿನಿಂದ ಹುಟ್ಟಿದ ತರಬೇತಿ ಸಂಸ್ಥೆ, ಎನ್.ಟಿ.ಟಿ.ಎಫ್., ಬೆಂಗಳೂರಿಗೂ ಬಂದು ಅಚ್ಚು ಮತ್ತು ಹತ್ಯಾರು ಮಾಡುವವರನ್ನು ತಯಾರಿಸಿತು. ಡೆನ್ಮಾರ್ಕ್ ದೇಶದ ಸಹಕಾರದಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಜಿ.ಟಿ.ಟಿ.ಸಿ., ಮೂರು ವರ್ಷ ಕಲಿಸಿ ನಾಲ್ಕನೆಯ ವರ್ಷ ಕಾರ್ಖಾನೆಗೆ ಕಳುಹಿಸುತ್ತದೆ. ಅಲ್ಲಿಯ ವಿದ್ಯಾರ್ಥಿಗಳು ಕಲಿಯುವ ಯಂತ್ರದ ಮೇಲೆಯೇ ಹೊರಗಿನ ಕಾರ್ಖಾನೆಗಳಿಗೆ ಬೇಕಾದ ಅಚ್ಚುಗಳೂ ತಯಾರಾಗುತ್ತವೆ. ಕೆಟ್ಟರೆ ನಷ್ಟ ನಿಜವಾದದ್ದು. ಆದ್ದರಿಂದ ಅಳತೆಯೂ ನಿಜವಾದದ್ದು. ಬಿಡದಿಯಲ್ಲಿ 2007ರಲ್ಲಿ ಟೊಯೋಟ ಸಂಸ್ಥೆ ತೆರೆದ ಶಾಲೆ, ಹತ್ತನೆಯ ತರಗತಿ ಮುಗಿಸಿದ ಕರ್ನಾಟಕದ ಹಳ್ಳಿಯ ಹುಡುಗರನ್ನು ಮೂರು ವರ್ಷ ತಾನೇ ಇರಿಸಿಕೊಂಡು ಕಲಿಸುವ ಕ್ರಮದಿಂದ ಆರಂಭವಾಯಿತು. ಗಡಿಯ ಈಚೆಗಿನ ನಮ್ಮ ಮಕ್ಕಳಿಗೆ ಇಂಥ ಕಡೆಗಳಲ್ಲಿ ವಾಸಸ್ಥಳದ ದಾಖಲೆ ಅಡ್ಡ ಬರುವುದುಂಟು. ಅತ್ತಿಬೆಲೆಯ ಸುಂಕದ ಕಟ್ಟೆ ಕಣ್ಣಿಗೆ ಕಾಣುವಷ್ಟು ಹತ್ತಿರವಿದ್ದರೂ, ಅರ್ಜಿಯ ನಮೂನೆಯಲ್ಲಿ ಅದು ಬಹಳ ದೂರ.

ಭಾಷೆಯ ಚಿಂತೆಯನ್ನು ಹಲವು ತಂದೆತಾಯಂದಿರು ನಮ್ಮ ಬಳಿ ಹೇಳಿಕೊಳ್ಳುತ್ತಾರೆ. ಇಲ್ಲಿಯ ಐ.ಟಿ.ಐ.ಗಳಲ್ಲಿ ಪಾಠ ತಮಿಳಿನಲ್ಲಿ, ಪುಸ್ತಕದ ಪಾರಿಭಾಷಿಕ ಪದಗಳು ಇಂಗ್ಲಿಷಿನಲ್ಲಿ. ತಮಿಳನ್ನು 2006ರ ಕಾಯಿದೆಯ ನಂತರ ನಮ್ಮ ಶಾಲೆಗಳಲ್ಲೂ ಮಕ್ಕಳು ಕಲಿಯುತ್ತಿದ್ದಾರೆ. ಕಸುಬಿನ ಮಟ್ಟಿಗೆ ಅದರಿಂದ ಅನುಕೂಲವೇ ಆಗಿದೆ. ಕಮ್ಮಾರನ ಅರ ತಮಿಳಿನಲ್ಲಿ ಅರಮ್, ಉಳಿ ಅಲ್ಲಿಯೂ ಉಳಿಯೇ, ಸುತ್ತಿಗೆ ಸುತ್ತಿಯಲ್. ನಕ್ಷೆಗಂತೂ ಯಾವ ನುಡಿಯೂ ಇಲ್ಲ. ವ್ಯಾಸದ ಗುರುತು ಜಪಾನಿನಲ್ಲೂ ಅದೇ, ಜರ್ಮನಿಯಲ್ಲೂ ಅದೇ, ಡೆಂಕಣಿಕೋಟೆಯಲ್ಲೂ ಅದೇ. ಮಕ್ಕಳು ಎಡವುವುದು ದಶಮಾಂಶದಲ್ಲಿ. 24.96 ದೊಡ್ಡದೋ 24.979 ದೊಡ್ಡದೋ ಎಂದು ಕೇಳಿದರೆ, ಅಂಕೆ ಹೆಚ್ಚಿದ್ದಕ್ಕೆ ದೊಡ್ಡದೆಂದು ಸರಿಯುತ್ತರ ಕೊಡುವವರು ಅನೇಕರು, 24.98 ಮತ್ತು 24.979 ಎಂದು ಕೇಳಿದೊಡನೆ ಗುಟ್ಟು ಬಯಲಾಗುತ್ತದೆ. ಇದು ಐ.ಟಿ.ಐ. ಬೋಧಕರ ತಪ್ಪಲ್ಲ. ಐದನೆಯ ತರಗತಿಯಿಂದ ಎಂಟನೆಯ ತರಗತಿಯ ತನಕ ಅವರನ್ನು ಕೈಯಲ್ಲಿಟ್ಟುಕೊಂಡಿದ್ದ ನಮ್ಮದು.

ಯಂತ್ರಗಳನ್ನು ಹೊಸದು ಮಾಡುವ ಕೆಲಸ ಈಚೆಗೆ ಭರದಿಂದ ನಡೆದಿದೆ. ಕರ್ನಾಟಕದಲ್ಲಿ 150, ತಮಿಳುನಾಡಿನಲ್ಲಿ 71 ಸರ್ಕಾರಿ ಐ.ಟಿ.ಐ.ಗಳಿಗೆ ಟಾಟಾ ಟೆಕ್ನಾಲಜೀಸ್ ಸಂಸ್ಥೆಯ ಜೊತೆಗೂಡಿ 2022, 2023ರಲ್ಲಿ ಹೊಸ ಯಂತ್ರಗಳನ್ನೂ ರೋಬೋಟುಗಳನ್ನೂ ತಂದರು. ಸಂತೋಷವೇ. ಆದರೆ ಎಂಜಿನ್ನಿನ ಊರಾಗಿದ್ದ ಹೊಸೂರಿನಲ್ಲಿ ಈಗ ವಿದ್ಯುತ್ ಸ್ಕೂಟರುಗಳು ತಯಾರಾಗುತ್ತಿವೆ. ಫೋನಿನ ಬಿಡಿಭಾಗಗಳ ಕಾರ್ಖಾನೆಗೆ ಸಾವಿರಗಟ್ಟಲೆ ಹೆಣ್ಣುಮಕ್ಕಳು ಬಸ್ಸುಗಳಲ್ಲಿ ಹೋಗುತ್ತಾರೆ. ಇಂದಿನ ಯಂತ್ರವನ್ನು ಕಲಿಸಿ ಮುಗಿಸುವ ಹೊತ್ತಿಗೆ ನಾಳಿನದು ಬಂದಿರುತ್ತದೆ. ಆ ಓಟದಲ್ಲಿ ಶಾಲೆಯಾಗಲಿ ಐ.ಟಿ.ಐ.ಯಾಗಲಿ ಗೆಲ್ಲಲಾರದು, ಗೆಲ್ಲಬೇಕಾಗಿಯೂ ಇಲ್ಲ ಎಂಬುದು ನಮ್ಮ ಅಭಿಪ್ರಾಯ. ಸಣ್ಣ ಮಾಲೀಕರು ಹೇಳಿದ ನಾಲ್ಕನ್ನು ನಾವು ಕಲಿಸೋಣ. ಯಂತ್ರವನ್ನು ಯಂತ್ರದ ಒಡೆಯರು ಕಲಿಸಲಿ, ಕಲಿತವನಿಗೆ ಕಲಿತವನ ಕೂಲಿಯನ್ನು ಕೊಡಲಿ.

ಆ ಹುಡುಗನ ವಿಷಯ ಅರ್ಧದಲ್ಲಿ ಬಿಟ್ಟೆವು. ಪೆಟ್ಟಿಗೆ ಹೊರುತ್ತಿದ್ದಾಗ, ತಪಾಸಣೆ ವಿಭಾಗದ ಹಿರಿಯರೊಬ್ಬರ ಬಳಿ ಊಟದ ವಿರಾಮದಲ್ಲಿ ಅಳತೆ ಕಲಿತನಂತೆ. 2021ರಲ್ಲಿ ಬೇರೊಂದು ಕಡೆ ಅಪ್ರೆಂಟಿಸ್ ಆದ. ಈಗ ಅಲ್ಲಿಯೇ ತಪಾಸಣೆಯ ಕೆಲಸದಲ್ಲಿದ್ದಾನೆ. ಹೋದ ವರ್ಷ ದೀಪಾವಳಿಗೆ ಬಂದವನು, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡ ಹಳೆಯ ವರ್ನಿಯರುಗಳನ್ನು ಶಾಲೆಗೆ ಕೊಟ್ಟುಹೋದ, ಮೂರು. ಎಂಟನೆಯ ತರಗತಿಯ ಮಕ್ಕಳು ಅವುಗಳಿಂದ ಪೆನ್ಸಿಲು, ಬಳೆ, ಒಂದು ರೂಪಾಯಿಯ ನಾಣ್ಯ, ಒಮ್ಮೆ ನಮ್ಮ ಕನ್ನಡಕದ ಕಡ್ಡಿಯನ್ನೂ ಅಳೆದಿದ್ದಾರೆ. ಒಂದು ವರ್ನಿಯರು ಈಗಾಗಲೇ ಕೆಳಗೆ ಬಿದ್ದು ಬಾಯಿ ಬಾಗಿದೆ. ಬೀಳಿಸಿದವಳು ತಾನೇ ಬಂದು ಹೇಳಿದಳು.

ತಾಳವಾಡಿಯ ಮಿತ್ರರಿಗೆ ನಮ್ಮ ಉತ್ತರವಿಷ್ಟು. ಮಗನಿಗೆ ಕೈಕೆಲಸದಲ್ಲಿ ಆಸೆಯಿದ್ದರೆ ಸೇರಿಸಿ. ಸರ್ಕಾರಿ ಸಂಸ್ಥೆಯಲ್ಲಿ ಮೊದಲು ಪ್ರಯತ್ನಿಸಿ. ಎಲ್ಲಿಯೇ ಆಗಲಿ, ಹಣ ಕಟ್ಟುವ ಮೊದಲು ತಾವೇ ಒಮ್ಮೆ ಕೆಲಸದ ದಿನ ಹೋಗಿ ಒಳಗೆ ನೋಡಿ. ಎಷ್ಟು ಲೇತುಗಳು ತಿರುಗುತ್ತಿವೆ, ಹುಡುಗರ ಕೈಗೆ ಎಣ್ಣೆ ಅಂಟಿದೆಯೇ, ಹೋದ ವರ್ಷ ಕಲಿತವರನ್ನು ಯಾವ ಕಾರ್ಖಾನೆ ಅಪ್ರೆಂಟಿಸರಾಗಿ ತೆಗೆದುಕೊಂಡಿತು ಎಂದು ಕೇಳಿ. ಅಳತೆಯ ಉಪಕರಣಗಳ ಬೀರುವನ್ನು ತೆರೆಸಿ ನೋಡಿ. ಸಂಕೋಚಪಡಬೇಡಿ. ನೋಡಿ ಬಂದ ಮೇಲೆ, ಹಸು ಮಾರುವುದಕ್ಕೆ ಮುಂಚೆ, ನಮಗೆ ಇನ್ನೊಂದು ಕಾಗದ ಬರೆಯಿರಿ.